ಶಂಷಾಬಾದಿನ ವಿಮಾನನಿಲ್ದಾಣದಲ್ಲಿ ಪ್ರಯಾಣಿಕರು ನಡೆದುಕೊಳ್ಳತಕ್ಕ ಕ್ರಮ

(ವ್ಯವಸಾಯದ ಇನ್ಸ್ಪೆಕ್ಟರೊಬ್ಬರು, ಎಲ್.ಏಜಿ., ಬರೆದುದು)

ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಸೀಮೆಗಳ ಗೃಹಸ್ಥರಿಗೆ ವಿಮಾನಪ್ರಯಾಣವು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗನು ಕೊಲ್ಲಿಯ ದೇಶದಲ್ಲಿ ನೌಕರಿಯಲ್ಲಿರುವನು. ಮಗಳನ್ನು ದೂರದ ಪಟ್ಟಣಕ್ಕೆ ಕೊಟ್ಟಿರುವುದುಂಟು. ಚಿಕಿತ್ಸೆಗಾಗಿ ದೆಹಲಿಗೋ ಮುಂಬಯಿಗೋ ಹೋಗಬೇಕಾಗುವುದು. ದೆಹಲಿಯ ಪೂಸಾ ಸಂಸ್ಥೆಯಲ್ಲಿ ನಡೆಯುವ ಕೃಷಿ ಮೇಳವನ್ನು ನೋಡಿಬರಬೇಕೆಂಬ ಆಸೆಯೂ ಕೆಲವರಿಗುಂಟು. ಇಂಥ ಪ್ರಯಾಣಗಳಿಗೆ ಈ ಸೀಮೆಯ ಬಹುಮಂದಿ ಹೈದರಾಬಾದಿನ ದಕ್ಷಿಣಕ್ಕಿರುವ ಶಂಷಾಬಾದಿನ ರಾಜೀವ್ ಗಾಂಧಿ ವಿಮಾನನಿಲ್ದಾಣವನ್ನೇ ಆಶ್ರಯಿಸುವರು. ವ್ಯವಸಾಯದ ಪತ್ರಿಕೆಯಲ್ಲಿ ಈ ವಿಷಯವೇತಕ್ಕೆಂದು ವಾಚಕರು ಕೇಳಬಹುದು. ಹಿಂದಿರುಗಿ ಬರುವ ಪ್ರಯಾಣಿಕನ ಜೇಬಿನಲ್ಲಿ ಬರುವ ಬೀಜಗಳ ಸಂಗತಿಯು ನಮ್ಮ ಇಲಾಖೆಗೇ ಸೇರಿದುದಾಗಿದೆ. ಅದನ್ನು ಮುಂದೆ ಹೇಳುವೆನು. ಇನ್ನೊಂದು ಕಾರಣವು ನನ್ನ ಸ್ವಂತದ್ದು. ನಾನು ಜೊತೆಯಲ್ಲಿದ್ದಾಗಲೇ ಒಬ್ಬ ಹಿರಿಯ ಭೂಮಾಲಿಕರಿಗೆ ವಿಮಾನವು ತಪ್ಪಿಹೋಯಿತು, ಮತ್ತು ಆ ತಪ್ಪಿನಲ್ಲಿ ಅರ್ಧ ನನ್ನದೇ ಆಗಿದ್ದಿತು.

ಸ್ಥಳದ ವಿವರ.—ಸದರಿ ನಿಲ್ದಾಣವು 2008ನೆಯ ಇಸವಿಯ ಮಾರ್ಚಿ 23ರಂದು ಕೆಲಸಕ್ಕೆ ತೆರೆದುದು. ಸುಮಾರು 5,500 ಎಕರೆ ನೆಲದಲ್ಲಿ ಹರಡಿದೆ; ಇದರ ಮುಖ್ಯ ಓಟದ ದಾರಿಯು 4,260 ಮೀಟರು ಉದ್ದವುಳ್ಳದ್ದು. ಮೊದಲಲ್ಲಿ ವರ್ಷಕ್ಕೆ 1 ಕೋಟಿ 20 ಲಕ್ಷ ಜನರಿಗೆಂದು ಕಟ್ಟಿದ ಕಟ್ಟಡವನ್ನು ಆಮೇಲೆ ವಿಸ್ತರಿಸಿ 3 ಕೋಟಿ 40 ಲಕ್ಷ ಜನರಿಗೆ ಸಾಕಾಗುವಂತೆ ಮಾಡಿದರು. ದೆಹಲಿ ಮುಂಬಯಿಗಳಲ್ಲಿರುವಂತೆ ಇಲ್ಲಿ ಬೇರೆ ಬೇರೆ ಟರ್ಮಿನಲ್ಲುಗಳಿಲ್ಲ. ಒಳನಾಡಿಗೆ ಹೋಗುವವರೂ ಹೊರದೇಶಕ್ಕೆ ಹೋಗುವವರೂ ಒಂದೇ ಸೂರಿನ ಕೆಳಗೆ ಸೇರುವರು. 2018ರಿಂದ 2022ರ ವರೆಗೆ ಹೊರದೇಶದ ಪ್ರಯಾಣಿಕರು ಹೊರಡುವುದಕ್ಕೆ ತಾತ್ಕಾಲಿಕವಾದ ಬೇರೊಂದು ಕಟ್ಟಡವಿದ್ದಿತು; ಆ ಏರ್ಪಾಡು 2022ರ ನವೆಂಬರಿನಲ್ಲಿ ಮುಗಿಯಿತು. ಆಗ ಹೋಗಿಬಂದವರು ಈಗಲೂ ಅದನ್ನೇ ಹೇಳಿ ಇತರರನ್ನು ದಾರಿ ತಪ್ಪಿಸುವುದುಂಟು.

ಒಂದೇ ಕಟ್ಟಡವಾದುದರಿಂದ ಯಾವ ಟರ್ಮಿನಲ್ಲಿಗೆ ಹೋಗಬೇಕೆಂಬ ಗೊಂದಲವಿಲ್ಲ, ಇದು ದೊಡ್ಡ ಅನುಕೂಲ. ಆದರೆ ಆ ಕಾರಣದಿಂದಲೇ ಸಮಸ್ತ ಜನರೂ ಒಂದೇ ಬಾಗಿಲುಗಳಲ್ಲಿ, ಒಂದೇ ಸಾಲುಗಳಲ್ಲಿ ನುಗ್ಗುವರು. ತೊಗರಿಯ ಸುಗ್ಗಿಯಲ್ಲಿ ಕಲಬುರಗಿಯ ಮಾರುಕಟ್ಟೆಯ ಅಂಗಳವನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಅಂಗಳ ಒಂದೇ, ದಾರಿ ತಪ್ಪುವಂತಿಲ್ಲ. ಆದರೂ ಗೇಟಿನ ಚೀಟಿ, ರಾಶಿ ಸುರಿಯುವ ಜಾಗ, ಸವಾಲು, ತೂಕ ಎಂಬ ಒಂದೊಂದು ಕಟ್ಟೆಯಲ್ಲಿಯೂ ಹೊತ್ತು ಹೋಗುವುದು. ವಿಮಾನನಿಲ್ದಾಣದಲ್ಲಿಯೂ ಹಾಗೆಯೇ ನಾಲ್ಕು ಕಟ್ಟೆಗಳಿವೆ. ಭೇದವೇನೆಂದರೆ, ಮಾರುಕಟ್ಟೆಯಲ್ಲಿ ತಡವಾಗಿ ಬಂದ ಗಾಡಿಗೆ ಮರುದಿನದ ಸವಾಲು ಉಂಟು. ಇಲ್ಲಿ ಒಂದೊಂದು ಕಟ್ಟೆಗೂ ಮುಚ್ಚುವ ಗಳಿಗೆಯು ಗೊತ್ತಾಗಿದೆ, ಮುಚ್ಚಿದ ಮೇಲೆ ಯಾರಿಗಾಗಿಯೂ ತೆರೆಯುವುದಿಲ್ಲ.

ದಾರಿ.—ರಾಯಚೂರಿನಿಂದ ಮಹಬೂಬನಗರದ ಮೇಲೆ ಹೋಗುವವರು ಜಡಚೆರ್ಲದ ಬಳಿ ಬೆಂಗಳೂರಿನ ಹೆದ್ದಾರಿಯನ್ನು ಸೇರುವರು. ಅವರಿಗೆ ಹೈದರಾಬಾದು ಪಟ್ಟಣಕ್ಕಿಂತ ಮೊದಲೇ ಶಂಷಾಬಾದು ಸಿಕ್ಕುವುದರಿಂದ ಪಟ್ಟಣದೊಳಕ್ಕೆ ಹೋಗುವ ಅಗತ್ಯವಿಲ್ಲ. ಬೀದರ ಕಡೆಯವರು ಜಹೀರಾಬಾದಿನ ಮೇಲೆ ಬಂದು ಪಟಾನ್‌ಚೆರುವಿನ ಹತ್ತಿರ ಹೊರವಲಯದ ವರ್ತುಲ ರಸ್ತೆಯನ್ನು ಹಿಡಿದರೆ ಪಟ್ಟಣದ ನೂಕುನುಗ್ಗಲು ತಪ್ಪುವುದು. ಎರಡು ಕಡೆಯವರೂ ದಾರಿಗೆ ನಾಲ್ಕು ಗಂಟೆಯ ಕಾಲವನ್ನು ಇಟ್ಟುಕೊಳ್ಳುವುದು ಕ್ಷೇಮ.

ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕತಕ್ಕದ್ದು. ಟಿಕೆಟ್ಟಿನಲ್ಲಿ ಅಚ್ಚಾಗಿರುವ ವೇಳೆಯು ವಿಮಾನವು ಚಲಿಸುವ ವೇಳೆಯೇ ಹೊರತು ನಾವು ಹತ್ತುವ ವೇಳೆಯಲ್ಲ. ರೈಲಿನ ಅಭ್ಯಾಸವುಳ್ಳವರು ಇಲ್ಲಿಯೇ ಮೋಸಹೋಗುವರು. ಒಳನಾಡಿನ ವಿಮಾನವು ಬೆಳಿಗ್ಗೆ 10 ಗಂಟೆಗೆ ಎಂದಿದ್ದರೆ, ಹತ್ತುವ ಗೇಟು ಸಾಮಾನ್ಯವಾಗಿ 25 ನಿಮಿಷ ಮುಂಚೆ, ಅಂದರೆ 9-35ಕ್ಕೆ ಮುಚ್ಚುವುದು. ಪೆಟ್ಟಿಗೆಗಳನ್ನು ತೂಗಿ ಕೊಡುವ ಕೌಂಟರು ಒಂದು ಗಂಟೆ ಮುಂಚೆ, 9ಕ್ಕೇ ಮುಚ್ಚುವುದು. ಆದುದರಿಂದ 8 ಗಂಟೆಗೆ ನಿಲ್ದಾಣದ ಬಾಗಿಲಲ್ಲಿರಬೇಕು. ಬೆಳಗಿನ ಜಾವ 4ಕ್ಕೆ ಊರು ಬಿಡಬೇಕು. ದಾರಿಯಲ್ಲಿ ಚಹಾ ಕುಡಿಯುವವರಾದರೆ 3-30ಕ್ಕೆ. ಹೊರದೇಶದ ಪ್ರಯಾಣಕ್ಕೆ ವಲಸೆಯ ಅಧಿಕಾರಿಗಳ ತನಿಖೆಯೂ ಇರುವುದರಿಂದ ಮೂರು ಗಂಟೆ ಮುಂಚೆ ಬಾಗಿಲಲ್ಲಿರತಕ್ಕದ್ದು. ಕಂಪನಿಯಿಂದ ಕಂಪನಿಗೆ ಈ ನಿಮಿಷಗಳು ಸ್ವಲ್ಪ ಬೇರೆಯಾಗುವುದುಂಟು. ಟಿಕೆಟ್ಟನ್ನು ಪೂರ್ತಿಯಾಗಿ ಓದಿಸಿ ತಿಳಿದುಕೊಳ್ಳಬೇಕು.

ಮೊದಲನೆಯ ಕಟ್ಟೆ.—ಹೊರಡುವವರ ಅಂತಸ್ತು ಮೇಲುಗಡೆಯದು, ಬರುವವರದು ಕೆಳಗಡೆಯದು. ಮೋಟಾರು ಏರುದಾರಿಯಿಂದ ಮೇಲಿನ ಅಂತಸ್ತಿಗೇ ಹೋಗಿ ನಿಲ್ಲುವುದು. ಅಲ್ಲಿ ಸಾಮಾನು ಇಳಿಸುವಷ್ಟು ಹೊತ್ತು ಮಾತ್ರ ನಿಲ್ಲಲು ಅವಕಾಶವುಂಟು. ಬೀಳ್ಕೊಡಲು ಎರಡು ಜೀಪು ತುಂಬ ಜನರನ್ನು ಕರೆದೊಯ್ಯುವ ಪದ್ಧತಿಯು ನಮ್ಮ ಗ್ರಾಮಗಳಲ್ಲಿ ಇನ್ನೂ ಇದೆ. ಟಿಕೆಟ್ಟಿಲ್ಲದವರನ್ನು ಒಳಕ್ಕೆ ಬಿಡುವುದಿಲ್ಲವಾದ ಕಾರಣ ಹಾರ, ಕುಂಕುಮ, ಕಣ್ಣೀರುಗಳನ್ನೆಲ್ಲ ಮನೆಯ ಅಂಗಳದಲ್ಲಿಯೇ ಮುಗಿಸಿಕೊಂಡು ಬರುವುದು ಲೇಸು.

ಬಾಗಿಲಲ್ಲಿ ನಿಂತಿರುವವರು ಕೇಂದ್ರ ಕೈಗಾರಿಕಾ ಭದ್ರತಾ ದಳದ ಜವಾನರು. 1999ರ ಡಿಸೆಂಬರಿನಲ್ಲಿ ಭಾರತದ ವಿಮಾನವೊಂದನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ, 2000ದಿಂದ ವಿಮಾನನಿಲ್ದಾಣಗಳ ಕಾವಲನ್ನು ಒಂದೊಂದಾಗಿ ಈ ದಳಕ್ಕೆ ಒಪ್ಪಿಸಿದರು. ಅವರು ಟಿಕೆಟ್ಟನ್ನೂ ಗುರುತಿನ ಪತ್ರವನ್ನೂ ಹೋಲಿಸಿ ನೋಡುವರು. ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟು, ಮೋಟಾರು ನಡೆಸುವ ಲೈಸೆನ್ಸು, ಇವುಗಳಲ್ಲಿ ಯಾವುದಾದರೊಂದು ಸಾಕು. ಹೊರದೇಶಕ್ಕಾದರೆ ಪಾಸ್‌ಪೋರ್ಟೇ ಬೇಕು. ನಮ್ಮವರಿಗೆ ತೊಂದರೆಯಾಗುವುದು ಹೆಸರಿನಲ್ಲಿ. ಊರಲ್ಲೆಲ್ಲ 'ದೊಡ್ಡಗೌಡರು' ಎಂದು ಕರೆಯಿಸಿಕೊಳ್ಳುವವರ ಟಿಕೆಟ್ಟನ್ನು ಮೊಮ್ಮಗನು ಅದೇ ಹೆಸರಿನಲ್ಲಿ ಕೊಂಡಿರುತ್ತಾನೆ. ಆಧಾರಿನಲ್ಲಿ ಇರುವುದು ತಂದೆಯ ಹೆಸರು ಸೇರಿದ ಬೇರೆ ಹೆಸರು. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಎಷ್ಟು ಅಲೆದಾಟವೆಂಬುದನ್ನು ಬಲ್ಲ ಭೂಮಾಲಿಕರು ಟಿಕೆಟ್ಟಿನ ಹೆಸರನ್ನು ಮೊದಲೇ ನೋಡಿಕೊಳ್ಳಬೇಕು. 2023ರಿಂದ ಇಲ್ಲಿ ಡಿಜಿಯಾತ್ರಾ ಎಂಬ, ಮುಖವನ್ನೇ ನೋಡಿ ಯಂತ್ರವು ಬಾಗಿಲು ತೆರೆಯುವ ಏರ್ಪಾಡೂ ಬಂದಿದೆ. ಮೊದಲೇ ಮೊಬೈಲಿನಲ್ಲಿ ಹೆಸರು ದಾಖಲಿಸಿಕೊಂಡವರಿಗೆ ಅದರಿಂದ ಹೊತ್ತು ಉಳಿಯುವುದು, ಅದು ಕಡ್ಡಾಯವಲ್ಲ.

ಎರಡನೆಯ ಕಟ್ಟೆ.—ಒಳಗೆ ತಮ್ಮ ಕಂಪನಿಯ ಕೌಂಟರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ತೂಗಿ ಕೊಟ್ಟು, ಬೋರ್ಡಿಂಗ್ ಪಾಸು ಎಂಬ ಚೀಟಿಯನ್ನು ಪಡೆಯಬೇಕು. ಒಳನಾಡಿನ ಪ್ರಯಾಣಕ್ಕೆ ಹೆಚ್ಚಿನ ಕಂಪನಿಗಳು ಕೊಡುವ ಪೆಟ್ಟಿಗೆಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ ತೂಕವನ್ನು ಬಿಡುವುವು. ಮಿಕ್ಕ ಕಿಲೋಗಳಿಗೆ ತೆರಬೇಕಾದ ಹಣದಲ್ಲಿ ಆ ಜೋಳವನ್ನೋ ಸೋನಾಮಸೂರಿಯನ್ನೋ ಅಲ್ಲಿಯೇ ಕೊಳ್ಳಬಹುದು. ಪೆಟ್ಟಿಗೆಗೆ ಕಟ್ಟಿದ ಚೀಟಿಯ ಪ್ರತಿಯನ್ನು ಜೋಪಾನವಾಗಿಡತಕ್ಕದ್ದು. ನಡೆಯಲಾರದ ವೃದ್ಧರಿಗೆ ಕಂಪನಿಯವರು ಗಾಲಿಕುರ್ಚಿಯನ್ನೂ ತಳ್ಳುವ ಆಳನ್ನೂ ಒದಗಿಸುವರು. ಇದನ್ನು ಟಿಕೆಟ್ಟು ಮಾಡಿಸುವಾಗಲೇ ಕೇಳಬೇಕು. ಕುರ್ಚಿಯಲ್ಲಿ ಕೂರುವುದು ಮರ್ಯಾದೆಗೆ ಕಡಿಮೆಯೆಂದು ಹಿರಿಯರು ಒಪ್ಪದಿರುವುದುಂಟು. ಬಾಗಿಲಿನಿಂದ ಕೊನೆಯ ಗೇಟಿನ ವರೆಗಿನ ನಡಿಗೆಯು ಸಣ್ಣದಲ್ಲವೆಂಬುದನ್ನು ಅವರಿಗೆ ಮೊದಲೇ ತಿಳಿಸಿದರೆ ಒಪ್ಪುವರು.

ಕೆಲವು ವಸ್ತುಗಳನ್ನು ಪೆಟ್ಟಿಗೆಯಲ್ಲಿಯೂ ಕೈಚೀಲದಲ್ಲಿಯೂ ಒಯ್ಯಕೂಡದು. ಬೆಂಕಿಪೆಟ್ಟಿಗೆ, ಲೈಟರು, ಪಟಾಕಿ, ಸೀಮೆಎಣ್ಣೆ, ಬೆಳೆಗೆ ಸಿಂಪಡಿಸುವ ವಿಷದ ಔಷಧಿಗಳು ಇವೆಲ್ಲ ನಿಷಿದ್ಧ. ಒಣ ಕೊಬ್ಬರಿಯೂ ನಿಷಿದ್ಧವೆಂದರೆ ಹಲವರು ನಂಬುವುದಿಲ್ಲ. ಅದರಲ್ಲಿರುವ ಎಣ್ಣೆಯ ದೆಸೆಯಿಂದ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ಗಣಿಸಲ್ಪಟ್ಟಿದೆ. ಎಣ್ಣೆಕಾಳಿನ ಹಿಂಡಿಯೂ ಅದೇ ವರ್ಗದ್ದು. ಹಸಿಯಾಗಿ ಒಟ್ಟಿದ ಬಣವೆಯು ಒಳಗೊಳಗೇ ಕಾದು ಹೊಗೆಯಾಡುವುದನ್ನು ಕಂಡಿರುವ ರೈತರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಕುಡುಗೋಲು, ಅಡಕೊತ್ತು, ಚಾಕು, ಕತ್ತರಿಗಳನ್ನು ತೂಗಿ ಕೊಡುವ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಕು. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು ಇದಕ್ಕೆ ವಿರುದ್ಧ. ಅದು ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯನ್ನು ತೆರೆಸಲು ನಿಮ್ಮನ್ನು ಹುಡುಕಿಕೊಂಡು ಬರುವರು. ಹೊರದೇಶದ ವಿಮಾನ ಹತ್ತುವವರು ತುಪ್ಪ, ಎಣ್ಣೆ ಮುಂತಾದ ದ್ರವಗಳನ್ನು ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿ ಒಯ್ಯುವಂತಿಲ್ಲ.

ಮೂರನೆಯ ಕಟ್ಟೆ.—ಮೈಯನ್ನೂ ಕೈಚೀಲವನ್ನೂ ಶೋಧಿಸುವ ಸ್ಥಳವೇ ಎಲ್ಲಕ್ಕಿಂತ ಹೊತ್ತನ್ನು ತಿನ್ನುವುದು. ಬೆಳಗಿನ ಜಾವದಲ್ಲಿಯೂ ಸಂಜೆಯಲ್ಲಿಯೂ ಸಾಲು ಬಹಳ ಉದ್ದವಿರುವುದು. ಮೊಬೈಲು, ನಾಣ್ಯ, ಬೀಗದ ಕೈಗೊಂಚಲು, ಸೊಂಟದ ಪಟ್ಟಿ, ಕೈಕಡಗಗಳನ್ನು ತಟ್ಟೆಯಲ್ಲಿಟ್ಟು ಯಂತ್ರದೊಳಕ್ಕೆ ಬಿಡಬೇಕು. ಹೆಂಗಸರನ್ನು ಪರದೆಯ ಮರೆಯಲ್ಲಿ ಹೆಂಗಸರೇ ಶೋಧಿಸುವರು. ಕೈಚೀಲದ ಚೀಟಿಗೆ ಮುದ್ರೆಯೊತ್ತುವ ಹಳೆಯ ಪದ್ಧತಿಯನ್ನು 2017ರಲ್ಲಿಯೇ ಇಲ್ಲಿ ಬಿಟ್ಟರು. ಅದಕ್ಕಾಗಿ ಕಾಯುತ್ತ ನಿಲ್ಲಬೇಕಾಗಿಲ್ಲ. ಇಲ್ಲಿ ವಾದಕ್ಕೆ ಎಡೆಯಿಲ್ಲ.

ಈಗ ನನ್ನ ತಪ್ಪಿನ ಕಥೆಯನ್ನು ಹೇಳುವೆನು. 2024ರ ಫೆಬ್ರವರಿಯ ಕೊನೆಯಲ್ಲಿ ನಾನು ಪೂಸಾದ ಮೇಳಕ್ಕೆ ಹೊರಟಿದ್ದೆನು. ನನಗೆ ಪರಿಚಿತರಾದ ಹಿರಿಯ ಭೂಮಾಲಿಕರೊಬ್ಬರು ಅದೇ ವಿಮಾನದಲ್ಲಿ ದೆಹಲಿಗೆ ಹೋಗಬೇಕಾಗಿದ್ದಿತು. ಅವರ ಅಣ್ಣನವರು ಅಲ್ಲಿನ ಆಸ್ಪತ್ರೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಹೃದಯದ ಶಸ್ತ್ರಚಿಕಿತ್ಸೆಯೆಂದು ಗೊತ್ತಾಗಿದ್ದಿತು. ಅದಕ್ಕೆ ಮುಂಚೆ ತಮ್ಮನ ಮುಖವನ್ನು ನೋಡಬೇಕೆಂದು ಅವರು ಹೇಳಿಕಳುಹಿಸಿದ್ದರು. ವಿಮಾನವು ಸಂಜೆ 4 ಗಂಟೆಗೆ. ನಾವು ರಾಯಚೂರನ್ನು 10 ಗಂಟೆಗೆ ಬಿಟ್ಟೆವು. ಮಹಬೂಬನಗರದ ಬೀಗರ ಮನೆಯಲ್ಲಿ ಊಟಕ್ಕೆ ನಿಲ್ಲದೆ ಹೋಗುವುದು ಸರಿಯಲ್ಲವೆಂದು ಅವರು ಹೇಳಿದರು, ನಾನೂ ಬೇಡವೆನ್ನಲಿಲ್ಲ. ನಿಲ್ದಾಣದ ಬಾಗಿಲನ್ನು ಸೇರಿದಾಗ 2-40 ಆಗಿದ್ದಿತು. ಕೌಂಟರು ಮುಚ್ಚುವುದಕ್ಕೆ ಐದು ನಿಮಿಷವಿರುವಾಗ ಅವರ ಪೆಟ್ಟಿಗೆಯನ್ನು ಕೊಟ್ಟೆವು. ಶೋಧನೆಯ ಸಾಲಿನಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಆಮೇಲೆ ನನ್ನ ಚೀಲವನ್ನು ಯಂತ್ರದಿಂದ ಪಕ್ಕಕ್ಕೆ ತಳ್ಳಿದರು. ಅದರ ಒಳಜೇಬಿನಲ್ಲಿ ಮಾವಿನ ಕಸಿ ಕಟ್ಟುವ ಚಾಕು ಇದ್ದಿತು. ಹದಿನೈದು ವರ್ಷಗಳಿಂದ ಅದು ಆ ಚೀಲದಲ್ಲಿಯೇ ಇದ್ದುದರಿಂದ ನನಗೆ ಅದರ ನೆನಪೇ ಇರಲಿಲ್ಲ. ಇದು ಆಯುಧವಲ್ಲ, ನಾನು ವ್ಯವಸಾಯದ ಇಲಾಖೆಯವನು ಎಂದು ನಾನು ವಿವರಿಸತೊಡಗಿದೆನು. ಆ ವಿವರಣೆಯಲ್ಲಿ ಹತ್ತು ನಿಮಿಷ ಹೋಯಿತು, ಚಾಕೂ ಹೋಯಿತು. ಹಿರಿಯರು ನನ್ನನ್ನು ಬಿಟ್ಟು ಮುಂದೆ ಹೋಗಲು ಒಪ್ಪದೆ ಪಕ್ಕದಲ್ಲಿಯೇ ನಿಂತಿದ್ದರು.

ಬೋರ್ಡಿಂಗ್ ಪಾಸಿನಲ್ಲಿ ಬರೆದಿದ್ದ ಗೇಟಿಗೆ ಓಡಿದೆವು. ಅಲ್ಲಿ ಬೇರೆ ಊರಿಗೆ ಹೋಗುವ ಜನರು ಕುಳಿತಿದ್ದರು. ಗೇಟು ಬದಲಾಗಿದೆಯೆಂದು ಗೋಡೆಯ ಫಲಕವು ಬಹಳ ಹೊತ್ತಿನಿಂದ ಹೇಳುತ್ತಿದ್ದಿತು. ನಾವು ತಲೆಯೆತ್ತಿ ನೋಡಿರಲಿಲ್ಲ. ಸರಿಯಾದ ಗೇಟನ್ನು ಸೇರಿದಾಗ 3-41. ಬಾಗಿಲು 3-35ಕ್ಕೆ ಮುಚ್ಚಿದ್ದಿತು. ಗಾಜಿನ ಆಚೆ ವಿಮಾನವು ಕಣ್ಣೆದುರಿಗೇ ನಿಂತಿದ್ದಿತು. "ಸಾಹೇಬ್ರ, ವಿಮಾನ ಇಲ್ಲೇ ನಿಂತದಲ್ರೀ, ಒಂದು ಮಾತು ಹೇಳ್ರಿ" ಎಂದು ಅವರು ನನ್ನ ತೋಳನ್ನು ಹಿಡಿದುಕೊಂಡರು. ತಮ್ಮ ಊರಿನಲ್ಲಿ ಅವರು ಕೈಯೆತ್ತಿದರೆ ಬಸ್ಸು ನಿಲ್ಲುವುದು. ನಾನು ಹೇಳಿದೆನು, ಬೇಡಿಕೊಂಡೆನು. ಅಲ್ಲಿದ್ದ ಹುಡುಗಿಯು ಮರ್ಯಾದೆಯಿಂದಲೇ ಆಗದೆಂದಳು. ವಿಮಾನವು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಹಿಂದಕ್ಕೆ ಸರಿಯಿತು.

ನಿಂತಿರುವ ವಿಮಾನಕ್ಕೆ ಜನರನ್ನು ಏಕೆ ಹತ್ತಿಸಬಾರದೆಂದು ಅವರು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇನೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಎಂಬ ವಿಮಾನವು ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನರು ಮಡಿದರು. ಬಾಂಬು ಇದ್ದ ಪೆಟ್ಟಿಗೆಯನ್ನು ಕೆನಡಾದಲ್ಲಿ ಕೊಟ್ಟ ಪ್ರಯಾಣಿಕನು ತಾನು ಮಾತ್ರ ವಿಮಾನವನ್ನು ಹತ್ತಿರಲೇ ಇಲ್ಲ. ಆದುದರಿಂದ ಈಗ ಗೇಟು ಮುಚ್ಚಿದ ಕೂಡಲೇ ಹತ್ತಿದವರ ಲೆಕ್ಕವನ್ನೂ ಪೆಟ್ಟಿಗೆಗಳ ಲೆಕ್ಕವನ್ನೂ ತಾಳೆ ನೋಡುವರು. ಬಾರದವನ ಪೆಟ್ಟಿಗೆಯನ್ನು ಹೊಟ್ಟೆಯೊಳಗಿಂದ ಹುಡುಕಿ ಕೆಳಗಿಳಿಸುವರು. ಜನ, ಸಾಮಾನು, ಇಂಧನ ಇವುಗಳ ತೂಕವನ್ನು ಕೂಡಿಸಿ, ಭಾರವು ಎಲ್ಲಿ ಬೀಳುವುದೆಂದು ಎಣಿಸಿ ಚಾಲಕನಿಗೆ ಕೊಡುವರು. ಗಾಡಿಗೆ ಮೂಟೆ ಹೇರುವಾಗ ನೊಗ ಭಾರವಾಯಿತೋ ಹಿಂಭಾರವಾಯಿತೋ ಎಂದು ನೋಡುವಂತೆಯೇ ಇದು. ನಾವು ಗಾಜಿನಾಚೆ ನೋಡಿದ ಆ ಹತ್ತು ನಿಮಿಷಗಳು ನಮ್ಮ ಪೆಟ್ಟಿಗೆಯನ್ನು ಹುಡುಕಿ ಇಳಿಸಿದ ನಿಮಿಷಗಳಾಗಿದ್ದುವು.

ನಮ್ಮನ್ನು ಜೊತೆಯಲ್ಲಿ ಕರೆತಂದು ಹೊರಕ್ಕೆ ಬಿಟ್ಟರು. ಅಂದಿನ ರಾತ್ರಿಯ ವಿಮಾನಗಳಲ್ಲಿ ಸ್ಥಳವಿರಲಿಲ್ಲ. ಬೆಳಗಿನ ವಿಮಾನದಲ್ಲಿ ಹೋಗಿ ಆಸ್ಪತ್ರೆಯನ್ನು ಸೇರುವ ಹೊತ್ತಿಗೆ ಅಣ್ಣನವರನ್ನು ಒಳಕ್ಕೆ ಕರೆದೊಯ್ದು ನಾಲ್ಕು ಗಂಟೆಯಾಗಿದ್ದಿತು. ಅವರು ಗುಣಹೊಂದಿ ಊರಿಗೆ ಬಂದಿರುವರೆಂಬುದು ಸಂತೋಷದ ವಿಷಯ. ಆದರೆ ಆ ರಾತ್ರಿಯೆಲ್ಲ ತಮ್ಮನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ನನ್ನ ಚಾಕಿನ ಮಾತನ್ನು ಒಮ್ಮೆಯಾದರೂ ಎತ್ತಲಿಲ್ಲ. ಹೀಗೆ ತಪ್ಪಿದ ಟಿಕೆಟ್ಟಿನ ಬೆಲೆಯು ಬಹುಮಟ್ಟಿಗೆ ಹೋದಂತೆಯೇ. ಅದರಲ್ಲಿ ಸೇರಿರುವ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಹಿಂದಕ್ಕೆ ಕೇಳುವ ಹಕ್ಕು ಪ್ರಯಾಣಿಕನಿಗುಂಟು, ಕೇಳಿ ಪಡೆಯತಕ್ಕದ್ದು.

ನಾಲ್ಕನೆಯ ಕಟ್ಟೆಯಾದ ಗೇಟಿನ ವಿಷಯದಲ್ಲಿ ಇನ್ನು ಹೇಳಬೇಕಾದುದು ಸ್ವಲ್ಪವೇ. ಗೇಟಿನ ನಂಬರನ್ನು ಫಲಕದಲ್ಲಿ ಕಾಲುಗಂಟೆಗೊಮ್ಮೆ ನೋಡುತ್ತಿರಬೇಕು; ಹೆಸರು ಹಿಡಿದು ಕೂಗುವರೆಂದು ನಂಬಬಾರದು. ಉಪಾಹಾರವನ್ನು ಗೇಟನ್ನು ಕಣ್ಣಾರೆ ಕಂಡ ಮೇಲೆ, ಅದರ ಹತ್ತಿರದಲ್ಲಿಯೇ ಮಾಡುವುದು ಒಳ್ಳೆಯದು. ಕೆಲವು ಗೇಟುಗಳಿಂದ ಕೊಳವೆಯಂಥ ಸೇತುವೆಯ ಮೂಲಕ ನೇರವಾಗಿ ವಿಮಾನಕ್ಕೆ ಹೋಗಬಹುದು. ಕೆಲವಕ್ಕೆ ಕೆಳಗಿಳಿದು ಬಸ್ಸನ್ನು ಹತ್ತಬೇಕು, ಅಲ್ಲಿ ಇನ್ನೂ ಮುಂಚೆ ಇರತಕ್ಕದ್ದು.

ಹಿಂದಿರುಗುವಾಗ.—ಇಳಿದವರು ಕೆಳಗಿನ ಅಂತಸ್ತಿಗೆ ಬಂದು, ತಮ್ಮ ವಿಮಾನದ ನಂಬರನ್ನು ಬರೆದಿರುವ ಸುತ್ತುಪಟ್ಟಿಯಿಂದ ಪೆಟ್ಟಿಗೆಯನ್ನು ತೆಗೆದುಕೊಳ್ಳುವರು. ಒಂದೇ ಬಣ್ಣದ ಪೆಟ್ಟಿಗೆಗಳು ಹಲವಿರುವುದರಿಂದ ಚೀಟಿಯ ನಂಬರನ್ನು ತಾಳೆ ನೋಡಬೇಕು. ಹೊರದೇಶದಿಂದ ಬಂದವರ ಮುಂದೆ ಸುಂಕದ ಇಲಾಖೆಯ ಕೆಂಪು ಹಸಿರು ಎಂಬ ಎರಡು ದಾರಿಗಳಿವೆ. ತಿಳಿಸಬೇಕಾದ ವಸ್ತುವುಳ್ಳವರು ಕೆಂಪು ದಾರಿಯಲ್ಲಿ ಹೋಗಿ ತಿಳಿಸತಕ್ಕದ್ದು.

ನಮ್ಮ ಇಲಾಖೆಯ ಮಾತು ಬರುವುದು ಇಲ್ಲಿಯೇ. ಕೊಲ್ಲಿಯ ದೇಶದಿಂದ ಖರ್ಜೂರದ ಸಸಿ, ಬೇರೆ ದೇಶದಿಂದ ದಪ್ಪ ಮೆಣಸಿನಕಾಯಿಯ ಬೀಜ, ಹೂವಿನ ಗಡ್ಡೆ, ಹೊಸ ಹಣ್ಣಿನ ಕಡ್ಡಿ, ಇವುಗಳನ್ನು ಬಟ್ಟೆಯ ಮಡಿಕೆಯಲ್ಲಿಟ್ಟು ತಂದು ತೋಟದಲ್ಲಿ ನೆಡುವವರುಂಟು. ತಂದವರು ಅದನ್ನು ಹೆಮ್ಮೆಯಿಂದ ನನಗೇ ತೋರಿಸಿರುವುದೂ ಉಂಟು. 1914ರ ವಿನಾಶಕಾರಿ ಕ್ರಿಮಿಕೀಟಗಳ ಕಾಯಿದೆಯ ಮೇರೆಗೆ 2003ರಲ್ಲಿ ಹೊರಡಿಸಿದ ಸಸ್ಯ ಸಂಪರ್ಕನಿಷೇಧದ ಆಜ್ಞೆಯಂತೆ, ನೆಡುವ ಬೀಜವನ್ನಾಗಲಿ ಸಸಿಯನ್ನಾಗಲಿ ಹೊರದೇಶದಿಂದ ತರಬೇಕಾದರೆ ಮೊದಲೇ ಪಡೆದ ಅನುಮತಿಯೂ, ಅದು ರೋಗರಹಿತವೆಂದು ಆ ದೇಶದ ಅಧಿಕಾರಿಯು ಕೊಟ್ಟ ಪತ್ರವೂ ಇರಬೇಕು. ಮಣ್ಣನ್ನು, ಬೇರಿಗೆ ಅಂಟಿದ ಹಿಡಿಯಷ್ಟಾದರೂ, ತರಕೂಡದು. ಒಂದು ಹಿಡಿ ಬೀಜದಿಂದ ಏನಾದೀತೆಂದು ಕೇಳುವವರು ತಮ್ಮ ಹೊಲದ ಬದುವನ್ನು ನೋಡಲಿ. ಅಮೆರಿಕಾ ಖಂಡದ ಪಾರ್ಥೇನಿಯಂ ಕಳೆಯು ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಕಂಡುಬಂದಿತು. ಆಮದಾದ ಧಾನ್ಯದ ಸಂಗಡ ಬಂದಿತೆಂದು ಹೇಳುವರು. ಈಗ ಅದಿಲ್ಲದ ಬೀಳುಭೂಮಿಯನ್ನು ನಾನು ನನ್ನ ಸರ್ಕೀಟಿನಲ್ಲಿ ಕಂಡಿಲ್ಲ. ಅದೇ ಖಂಡದ ಸೈನಿಕ ಹುಳುವು ನಮ್ಮ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ 2018ರಲ್ಲಿ ದೇಶದಲ್ಲೇ ಮೊದಲಾಗಿ ಪತ್ತೆಯಾಯಿತು. ಅದರ ಹಾವಳಿಯನ್ನು ಮೆಕ್ಕೆಜೋಳ ಹಾಕಿದವರಿಗೆ ನಾನು ಹೇಳಬೇಕಾದುದಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಗ್ರಾಮದ ಹಿರಿಯರು ಫೋನಿನಲ್ಲಿ ಮಾತನಾಡುವಾಗಲೇ ಇದನ್ನು ತಿಳಿಸಿಬಿಟ್ಟರೆ ನಮ್ಮ ಕೆಲಸವು ಅರ್ಧ ಮುಗಿದಂತೆ. ಗೊತ್ತಿಲ್ಲದೆ ತಂದವರು ಕೆಂಪು ದಾರಿಯಲ್ಲಿ ಹೋಗಿ ಅಲ್ಲಿಯೇ ಒಪ್ಪಿಸಲಿ. ಈಗಾಗಲೇ ನೆಟ್ಟಿರುವವರು ಮುಚ್ಚಿಡದೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿದರೆ ಇಲಾಖೆಯವರು ಬಂದು ಗಿಡವನ್ನು ನೋಡುವರು.

ಹೊರಕ್ಕೆ ಬಂದವರಿಗೆ ಕೆಳಗಿನ ಅಂತಸ್ತಿನ ಮುಂದೆ ಬಾಡಿಗೆಯ ಮೋಟಾರುಗಳೂ ತೆಲಂಗಾಣ ಸಾರಿಗೆ ಸಂಸ್ಥೆಯ ಪುಷ್ಪಕ್ ಬಸ್ಸುಗಳೂ ಸಿಕ್ಕುವುವು. ಈ ಬಸ್ಸುಗಳು ಪಟ್ಟಣದ ಕಡೆಗೆ ಹೋಗುವಂಥವು. ರಾಯಚೂರಿನ ಕಡೆಯವರು ತಮ್ಮ ಮೋಟಾರನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ಕರೆಯಲು ಬಂದ ಚಾಲಕನು ಮೇಲಿನ ಅಂತಸ್ತಿನಲ್ಲಿ ಕಾಯುತ್ತ, ಯಜಮಾನರು ಕೆಳಗೆ ಕಾಯುತ್ತ ಒಂದು ಗಂಟೆ ಕಳೆಯುವುದು ಸಾಮಾನ್ಯವಾದುದರಿಂದ, ಕೆಳಗಿನ ಅಂತಸ್ತಿನಲ್ಲಿ ಇಂಥ ಕಂಬದ ಬಳಿ ಎಂದು ನಂಬರು ಸಹಿತವಾಗಿ ಅವನಿಗೆ ತಿಳಿಸತಕ್ಕದ್ದು.